ಬೈಬಲ್ಲಿನ ಯಾವ ಪುಟ ತೆರೀಬೇಕು? ಚರ್ಚ್ ಕ್ಯಾಲೆಂಡರ್ ಹೇಳುತ್ತೆ

[ದೃಶ್ಯ: ಕತ್ತಲೆ. ಹಸಿರು ಎಲೆಗಳ ಸುತ್ತಿನಲ್ಲಿ ನಾಲ್ಕು ಮೇಣದಬತ್ತಿ. ಒಂದನ್ನು ಮಾತ್ರ ಹಚ್ಚುತ್ತಾರೆ.]

ಆಗಮನ ಕಾಲದ ಮೊದಲ ಭಾನುವಾರ. ಕ್ರಿಸ್ಮಸ್ಸಿಗೆ ಹೆಚ್ಚೂಕಡಿಮೆ ನಾಲ್ಕು ವಾರ ಬಾಕಿ. ಪಶ್ಚಿಮದ ಕ್ರೈಸ್ತ ಸಭೆಗಳಲ್ಲಿ, ಅಂದ್ರೆ ಕಥೋಲಿಕ ಮತ್ತು ಹಲವು ಪ್ರಾಟೆಸ್ಟಂಟ್ ಚರ್ಚುಗಳಲ್ಲಿ, ಹೊಸ ವರ್ಷ ಶುರುವಾಗೋದು ಜನವರಿ 1ಕ್ಕಲ್ಲ, ಈ ದಿನ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವ ಭಾನುವಾರ ಬರುತ್ತೋ ಅದೇ ಯುಗಾದಿ ಅಂದ್ಕೊಳ್ಳಿ.

ನೀವು ಹೋಗಿ ಕೂತಿದ್ದೀರಿ. ಮನಸ್ಸಲ್ಲಿ ಗೋದಲಿ, ಕುರುಬರು, ದೇವದೂತರು. ಆದ್ರೆ ವಾಚನ ಪೀಠದಿಂದ ಕೇಳಿಬರೋದು ನೋಹನ ಕಾಲದ ಜಲಪ್ರಳಯ. ಹೊಲದಲ್ಲಿ ಇಬ್ಬರು ಇರ್ತಾರೆ, ಒಬ್ಬನನ್ನ ತೆಗೆದುಕೊಂಡು ಹೋಗ್ತಾರೆ, ಇನ್ನೊಬ್ಬ ಅಲ್ಲೇ ಉಳೀತಾನೆ. ಕಳ್ಳ ಯಾವ ಜಾವದಲ್ಲಿ ಬರ್ತಾನೆ ಅಂತ ಮನೆ ಯಜಮಾನನಿಗೆ ಗೊತ್ತಿದ್ದಿದ್ರೆ ಎದ್ದು ಕೂತಿರ್ತಿದ್ದ. ಇದು ಮತ್ತಾಯ 24ನೇ ಅಧ್ಯಾಯ. ಮುಂದಿನ ವರ್ಷ ಇದೇ ಭಾನುವಾರ ಮಾರ್ಕ 13, ಅದರಾಚೆ ವರ್ಷ ಲೂಕ 21. ಮೂರರಲ್ಲೂ ಲೋಕದ ಕೊನೆಯದೇ ಮಾತು.

ಮೊದಮೊದಲು ನನಗೆ ಯಾರೋ ಪುಟ ತಪ್ಪಿ ಓದ್ತಿದ್ದಾರೆ ಅನಿಸ್ತಿತ್ತು. ಪುಟ ತಪ್ಪಿರಲಿಲ್ಲ. ಬರುವವನು, ಅಂದ್ರೆ ಯೇಸು, ಒಂದು ಸಲ ಬಂದು ಹೋದವನು, ಮತ್ತೆ ಬರ್ತೀನಿ ಅಂದವನು. ಕಾಯೋದು ಏನು ಅಂತ ಮೊದಲು ಕಲಿಸಿ, ಆಮೇಲೆ ತೊಟ್ಟಿಲು ತೋರಿಸೋಣ ಅನ್ನೋದು ಕ್ಯಾಲೆಂಡರಿನ ಲೆಕ್ಕ. ಹಾಗಾಗಿ ವರ್ಷ ಶುರುವಾಗೋದೇ ಕೊನೆಯಿಂದ.

ನಿಮಗೇ ಬಿಟ್ಟಿದ್ರೆ ಆ ದಿನ ಈ ಅಧ್ಯಾಯ ತೆಗೀತಿದ್ರಾ? ನಾನಂತೂ ಇಲ್ಲ. ಇವತ್ತಿನ ವಿಡಿಯೋ ಇರೋದು ಇದರ ಬಗ್ಗೇನೇ. ಆರಾಧನೆಯಲ್ಲಿ ಏನು ಓದಬೇಕು ಅಂತ ಆರಿಸೋದು ಯಾರು?

[ದೃಶ್ಯ: ಬಿಚ್ಚುತ್ತಿರುವ ಚರ್ಮದ ಸುರುಳಿ.]

ಲೂಕ 4ನೇ ಅಧ್ಯಾಯಕ್ಕೆ ಬನ್ನಿ. ನಜರೇತ್, ಸಬ್ಬತ್ ದಿನ, ಸಭಾಮಂದಿರ. ಯೇಸು ಓದೋದಕ್ಕೆ ಎದ್ದು ನಿಲ್ತಾರೆ. ಯೆಶಾಯನ ಸುರುಳಿ ಕೈಗೆ ಕೊಡ್ತಾರೆ. ಬಿಚ್ತಾರೆ, ಜಾಗ ಹುಡುಕ್ತಾರೆ, ಓದ್ತಾರೆ: ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು, ಕರ್ತನ ಕೃಪೆಯ ವರ್ಷ. ಸುರುಳಿ ಸುತ್ತಿ ಸೇವಕನ ಕೈಗೆ ವಾಪಸ್ ಕೊಟ್ಟು ಕೂತ್ಕೊಳ್ತಾರೆ. ಎಲ್ಲರ ಕಣ್ಣೂ ಅವರ ಮೇಲೆ.

ಈಗ ಯೆಶಾಯ 61:2 ತೆಗೆದು ನೋಡಿ. ‘ಕೃಪೆಯ ವರ್ಷ’ ಅನ್ನೋದರ ಜೊತೆಗೇ, ಅದೇ ವಾಕ್ಯದಲ್ಲಿ, ‘ನಮ್ಮ ದೇವರ ಮುಯ್ಯಿ ತೀರಿಸುವ ದಿನ’ ಅಂತಲೂ ಇದೆ. ಯೇಸು ಅದನ್ನ ಓದಲಿಲ್ಲ. ವಾಕ್ಯದ ನಡುವೆ ನಿಲ್ಲಿಸಿದರು. ಇದನ್ನ ನೆನಪಲ್ಲಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕೂಡಿ ಬಂದಾಗ ಗ್ರಂಥ ಓದೋ ಈ ಪದ್ಧತಿಯನ್ನ ಕ್ರೈಸ್ತರು ತಂದದ್ದು ಯೆಹೂದ್ಯರ ಸಭಾಮಂದಿರದಿಂದಲೇ. ಸುಮಾರು ಕ್ರಿ.ಶ. 155ರ ಹೊತ್ತಿಗೆ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನ್ ಭಾನುವಾರದ ಆರಾಧನೆಯನ್ನ ವರ್ಣಿಸ್ತಾ, ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದ್ತಾರೆ ಅಂತ ಬರೀತಾನೆ. ಸಮಯ ಇರುವಷ್ಟು ಹೊತ್ತು! ಇವತ್ತು ಹಾಗೆ ಮಾಡಿದ್ರೆ ಹಿಂದಿನ ಬೆಂಚು ಖಾಲಿ.

ದಿನಕ್ಕೆ ತಕ್ಕ ಓದು ಅನ್ನೋದು ಕಣ್ಣಿಗೆ ಕಟ್ಟುವಂತೆ ಸಿಗೋದು ಒಬ್ಬ ಹೆಂಗಸಿನ ಬರಹದಲ್ಲಿ. ಹೆಸರು ಎಜೇರಿಯಾ. 380ರ ದಶಕದಲ್ಲಿ ಯೆರೂಸಲೇಮಿಗೆ ಯಾತ್ರೆ ಹೋದವಳು. ಅಲ್ಲಿ ಕಂಡದ್ದನ್ನೆಲ್ಲ ತನ್ನ ಗೆಳತಿಯರಿಗೆ ಬರೆದಳು. ಆ ಹಸ್ತಪ್ರತಿ ನೂರಾರು ವರ್ಷ ಯಾರ ಕಣ್ಣಿಗೂ ಬೀಳದೆ, 1884ರಲ್ಲಿ ಇಟಲಿಯ ಅರೆಜ್ಜೋದಲ್ಲಿ ಸಿಕ್ತು. ಅದೂ ಪೂರ್ತಿ ಅಲ್ಲ, ಮೊದಲ ಪುಟಗಳೂ ಕೊನೆಯ ಪುಟಗಳೂ ಇಲ್ಲ.

ಅವಳಿಗೆ ಮತ್ತೆ ಮತ್ತೆ ಆಶ್ಚರ್ಯ ಆಗೋದು ಒಂದೇ ವಿಷಯಕ್ಕೆ. ಇಲ್ಲಿ ಓದೋದು, ಹಾಡೋದು ಎಲ್ಲಾ ಆ ದಿನಕ್ಕೂ ಆ ಜಾಗಕ್ಕೂ ಹೊಂದುತ್ತಲ್ಲ ಅಂತ. ಈಸ್ಟರಿಗೆ ಮುಂಚಿನ ಪವಿತ್ರ ವಾರದ ಗುರುವಾರ ರಾತ್ರಿ ಜನ ಓಲಿವ್ ಗುಡ್ಡದಲ್ಲಿ ಜಾಗರಣೆ ಮಾಡ್ತಾರೆ. ಬೆಳಗಾಗೋ ಮುಂಚೆ, ಉಪವಾಸದಲ್ಲಿ ಬಳಲಿದ ಜನ, ಮಕ್ಕಳನ್ನೂ ಕರ್ಕೊಂಡು, ನಿಧಾನವಾಗಿ ಗೆತ್ಸೆಮನೆಗೆ ಇಳೀತಾರೆ. ನೂರಾರು ದೀಪ. ಅಲ್ಲಿ ಯೇಸುವನ್ನ ಹಿಡಿದ ಭಾಗ ಓದ್ತಾರೆ. ಓದಿದ ತಕ್ಷಣ ಜನ ಎಷ್ಟು ಗೋಳಾಡ್ತಾರೆ ಅಂದ್ರೆ ಆ ಅಳು ಪಟ್ಟಣದ ತನಕ ಕೇಳಿಸುತ್ತೆ ಅಂತಾಳೆ. ಎಲ್ಲರಿಗೂ ಗೊತ್ತಿದ್ದ ಕಥೆಯೇ. ಆದ್ರೆ ಆ ರಾತ್ರಿ, ಆ ಮಣ್ಣಲ್ಲಿ ನಿಂತು ಕೇಳಿದಾಗ ಅದು ಹಳೇ ಕಥೆಯಾಗಿರಲಿಲ್ಲ.

ಎಲ್ಲರೂ ಗೆತ್ಸೆಮನೆಗೆ ಹೋಗೋಕಾಗಲ್ಲ. ದಿನವನ್ನಾದ್ರೂ ಹಂಚಿಕೊಳ್ಳಬಹುದು. ಚರ್ಚ್ ಕ್ಯಾಲೆಂಡರ್ ಅಂದ್ರೆ ಅದೇ.

[ತೆರೆಯ ಮೇಲೆ: ವೃತ್ತಾಕಾರದ ಕ್ಯಾಲೆಂಡರ್. ನೇರಳೆ, ಬಿಳಿ, ಹಸಿರು, ಕೆಂಪು.]

ಈ ವೃತ್ತಕ್ಕೆ ಎರಡು ಗೂಟ. ಒಂದು ಅಲುಗಾಡದ್ದು, ಡಿಸೆಂಬರ್ 25. ಇನ್ನೊಂದು ಓಡಾಡೋದು, ಪಾಸ್ಖ, ಅಂದ್ರೆ ಈಸ್ಟರ್. ಮಾರ್ಚ್ 21 ಅಥವಾ ಅದರ ನಂತರ ಬರೋ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ. ಹುಣ್ಣಿಮೆ ಭಾನುವಾರವೇ ಬಿದ್ರೆ ಅದರ ಮುಂದಿನ ಭಾನುವಾರ. 2025ರಲ್ಲಿ ಹಾಗೇ ಆಯ್ತು: ಚರ್ಚಿನ ಲೆಕ್ಕದ ಹುಣ್ಣಿಮೆ ಏಪ್ರಿಲ್ 13ರ ಭಾನುವಾರ, ಈಸ್ಟರ್ 20ಕ್ಕೆ. ಇದು ಆಕಾಶ ನೋಡಿ ಹೇಳೋ ಹುಣ್ಣಿಮೆ ಅಲ್ಲ, ಕೋಷ್ಟಕದ ಹುಣ್ಣಿಮೆ. ಹೀಗಾಗಿ ಈಸ್ಟರ್ ಮಾರ್ಚ್ 22ಕ್ಕಿಂತ ಮುಂಚೆ ಬರಲ್ಲ, ಏಪ್ರಿಲ್ 25 ದಾಟಲ್ಲ. 1582ರ ಗ್ರೆಗೋರಿಯನ್ ಕ್ಯಾಲೆಂಡರ್ ತಿದ್ದುಪಡಿಯನ್ನ ಇದಕ್ಕೆ ಒಪ್ಪದ ಆರ್ಥೊಡಾಕ್ಸ್ ಸಭೆಗಳ ಲೆಕ್ಕ ಬೇರೆ. 2025ರಲ್ಲಿ ಇಬ್ಬರಿಗೂ ಒಂದೇ ದಿನ ಸಿಕ್ತು, 2026ರಲ್ಲಿ ಏಪ್ರಿಲ್ 5 ಮತ್ತು 12.

ಈಸ್ಟರಿನಿಂದ ಹಿಂದಕ್ಕೆ 46 ದಿನ ಎಣಿಸಿ, ಬೂದಿ ಬುಧವಾರ. ಆರು ಭಾನುವಾರ ಕಳೀರಿ, ಈಸ್ಟರಿಗೆ ತಯಾರಾಗೋ ತಪಸ್ಸು ಕಾಲದ 40 ದಿನ. ಮುಂದಕ್ಕೆ ಎಣಿಸಿದ್ರೆ, ಈಸ್ಟರನ್ನೂ ಸೇರಿಸಿ 50ನೇ ದಿನ ಪೆಂತಕೋಸ್ತ್, ಪವಿತ್ರಾತ್ಮ ಇಳಿದು ಬಂದ ಹಬ್ಬ. ಬಾಕಿ ಉಳಿದದ್ದು ಗುರುಗಳು ಹಸಿರು ಬಟ್ಟೆ ಉಡೋ ಸಾಧಾರಣ ಕಾಲ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಅದರದ್ದೇ. ಹೆಸರು ಸಾಧಾರಣ, ಆದ್ರೆ ಒಂದೇ ಸುವಾರ್ತೆಯನ್ನ, ಅಂದ್ರೆ ಯೇಸುವಿನ ಬದುಕು ಹೇಳೋ ನಾಲ್ಕು ಪುಸ್ತಕಗಳಲ್ಲಿ ಒಂದನ್ನ, ವಾರದಿಂದ ವಾರಕ್ಕೆ ಬೆನ್ನು ಹತ್ತಿ ಓದೋ ಸುಖ ಸಿಗೋದು ಅಲ್ಲೇ.

ಯಾವ ಸುವಾರ್ತೆ? ಕಥೋಲಿಕರಾದ್ರೆ ಶುಭಸಂದೇಶ ಅಂತೀರಿ, ವಸ್ತು ಒಂದೇ. 1963ರಲ್ಲಿ ಕಥೋಲಿಕರ 2ನೇ ವ್ಯಾಟಿಕನ್ ಮಹಾಸಭೆ, ಬೈಬಲ್ಲಿನ ಭಂಡಾರವನ್ನ ಜನರಿಗೆ ಇನ್ನೂ ಧಾರಾಳವಾಗಿ ತೆರೀಬೇಕು ಅಂತು. ಅದರ ಫಲವಾಗಿ 1969ರಲ್ಲಿ ಮೂರು ವರ್ಷದ ವಾಚನ ಕ್ರಮ ಬಂತು. ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಹಲವು ಪ್ರಾಟೆಸ್ಟಂಟ್ ಸಭೆಗಳು ಅದನ್ನೇ ತಿದ್ದಿ ತಮ್ಮದಾಗಿಸಿಕೊಂಡ್ವು. ಈಗ ಬಳಕೆಯಲ್ಲಿರೋ ಅವರ ಸಾಮಾನ್ಯ ಕ್ರಮ 1992ರದ್ದು. ಹೀಗಾಗಿ ಒಂದೇ ಭಾನುವಾರ, ಒಬ್ಬರಿಗೊಬ್ಬರು ಮುಖ ನೋಡದ ಸಭೆಗಳೂ ಹೆಚ್ಚಾಗಿ ಒಂದೇ ಸುವಾರ್ತೆ ಭಾಗ ಓದ್ತಿರ್ತವೆ. ಬೋಧಕರು ಇದನ್ನ ಜಾಸ್ತಿ ಹೇಳಿಕೊಳ್ಳಲ್ಲ ಯಾಕೋ.

ಯಾವ ವರ್ಷ ಅಂತ ತಿಳಿಯೋಕೆ ಇಸವಿಯನ್ನ ಮೂರರಿಂದ ಭಾಗಿಸಿ. ಶೇಷ ಒಂದು ಬಂದ್ರೆ ಮತ್ತಾಯ, ಎರಡು ಬಂದ್ರೆ ಮಾರ್ಕ, ಏನೂ ಉಳೀದಿದ್ರೆ ಲೂಕ. 2026 ಮತ್ತಾಯ, 2027 ಮಾರ್ಕ, 2028 ಲೂಕ. ಆದ್ರೆ ಎಚ್ಚರ, ಆಗಮನ ಕಾಲ ಶುರುವಾದ ತಕ್ಷಣ ಮುಂದಿನ ಇಸವಿಯ ಲೆಕ್ಕ. ನಾನು ಇದನ್ನ ಮರೆತು, ಒಂದು ಆಗಮನ ಭಾನುವಾರ ಹಳೇ ವರ್ಷದ ಪುಟವನ್ನೇ ಮನೆಯಲ್ಲಿ ನಾಲ್ಕು ಸಲ ಓದಿ ತಯಾರಾಗಿ ಹೋಗಿದ್ದೆ. ಪೀಠದ ಮುಂದೆ ನಿಂತು ನೋಡ್ತೀನಿ, ರಿಬ್ಬನ್ ಇಟ್ಟಿರೋ ಜಾಗದಲ್ಲಿ ಬೇರೇನೇ ಇದೆ. ಬೆವರು ಒರೆಸ್ಕೊಂಡು ಓದಿದೆ.

ನಾಲ್ಕನೇ ಸುವಾರ್ತೆಯ ಯೋಹಾನ ಎಲ್ಲಿ ಹೋದ? ಅವನಿಗೆ ಸ್ವಂತ ವರ್ಷ ಇಲ್ಲ. ತಪಸ್ಸು ಕಾಲದ ಕೆಲವು ಭಾನುವಾರ ಅವನದ್ದು, ಪಾಸ್ಖ ಕಾಲದಲ್ಲಿ ಬಹುಪಾಲು ಅವನದ್ದೇ. ಜೊತೆಗೆ ಮಾರ್ಕನದ್ದು ಚಿಕ್ಕ ಪುಸ್ತಕ, 16 ಅಧ್ಯಾಯ. ಬಿ ವರ್ಷಕ್ಕೆ ಸಾಲದೆ ನಡುವೆ ಐದು ಭಾನುವಾರ ಯೋಹಾನ 6 ತುಂಬಿಸ್ತಾರೆ. ಐದು ವಾರ ರೊಟ್ಟಿ, ರೊಟ್ಟಿ, ಜೀವದ ರೊಟ್ಟಿ. ಮೂರನೇ ವಾರಕ್ಕೆ ಪ್ರಸಂಗ ಮಾಡೋರ ಮುಖ ನೋಡಬೇಕು.

ಒಂದು ಕಿವಿಮಾತು. ಸಾಧಾರಣ ಕಾಲದ ಕಥೋಲಿಕ ಕ್ರಮದಲ್ಲಿ ಮೊದಲ ವಾಚನ, ಅಂದ್ರೆ ಹಳೇ ಒಡಂಬಡಿಕೆಯದ್ದು, ಸುವಾರ್ತೆಗೆ ಜೋಡಿಯಾಗಿ ಆರಿಸಿದ್ದು. ಎರಡನೇ ವಾಚನ, ಅಂದ್ರೆ ಅಪೊಸ್ತಲರ ಪತ್ರಗಳದ್ದು, ತನ್ನ ಪಾಡಿಗೆ ತಾನು ಸಾಗ್ತಿರುತ್ತೆ. ಅದಕ್ಕೂ ಸುವಾರ್ತೆಗೂ ನಂಟು ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

[ದೃಶ್ಯ: ಗೋದಲಿ. ದೀಪಗಳು ಒಂದೊಂದಾಗಿ ಆರುತ್ತವೆ.]

ಕ್ಯಾಲೆಂಡರ್ ಎಷ್ಟು ನಿರ್ದಾಕ್ಷಿಣ್ಯ ಅಂತ ನೋಡಬೇಕಾದ್ರೆ ಕ್ರಿಸ್ಮಸ್ ವಾರ ನೋಡಿ. 25ಕ್ಕೆ ಮಗು ಹುಟ್ತು. 26ಕ್ಕೆ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನನ್ನ ಕಲ್ಲೆಸೆದು ಕೊಂದದ್ದು. 28ಕ್ಕೆ ರಾಜ ಹೆರೋದನ ಆಳುಗಳು ಬೆತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಂದದ್ದು. ಗೋದಲಿ ಇನ್ನೂ ಬಿಚ್ಚಿರಲ್ಲ, ನಕ್ಷತ್ರ ಇನ್ನೂ ಉರೀತಿರುತ್ತೆ, ಗುರುಗಳು ಕೆಂಪು ವಸ್ತ್ರ ಉಟ್ಟು ಬಂದಿರ್ತಾರೆ. ಮತ್ತಾಯ 2:18ರಲ್ಲಿ ಇಸ್ರಾಯೇಲರ ಮೂಲ ತಾಯಿಯರಲ್ಲಿ ಒಬ್ಬಳಾದ ರಾಹೇಲಳು ಮಕ್ಕಳಿಗಾಗಿ ಗೋಳಾಡ್ತಾಳೆ. ಸಮಾಧಾನ ಬೇಡ ಅಂತಾಳೆ, ಯಾಕಂದ್ರೆ ಅವರು ಇಲ್ಲ. ಹಬ್ಬದ ಮನೆಯಲ್ಲಿ ಯಾರೂ ತಾವಾಗಿ ಈ ಪುಟ ತೆಗೆಯಲ್ಲ. ಆದ್ರೆ ಆ ವಾರ ಮಗುವನ್ನ ಕಳ್ಕೊಂಡ ತಾಯಿ ಒಬ್ಬಳು ಹಿಂದಿನ ಸಾಲಲ್ಲಿ ಕೂತಿದ್ರೆ? ಇಡೀ ತಿಂಗಳಲ್ಲಿ ಅವಳಿಗೆ ಅಂತ ಇಟ್ಟಿರೋ ಓದು ಅದೊಂದೇ ಇರಬಹುದು.

ಈಗ ತಕರಾರಿಗೆ ಬರ್ತೀನಿ. ದಿನ, ತಿಂಗಳು, ಕಾಲ, ವರ್ಷ ಅಂತ ಆಚರಿಸ್ತೀರಲ್ಲ, ನಾನು ನಿಮಗಾಗಿ ಪಟ್ಟ ಪಾಡು ವ್ಯರ್ಥವಾಯ್ತೇನೋ ಅಂತ ಅಪೊಸ್ತಲ ಪೌಲ ಗಲಾತ್ಯದವರನ್ನ ಗದರಿಸ್ತಾನೆ, 4ನೇ ಅಧ್ಯಾಯದಲ್ಲಿ. ಸಣ್ಣ ಮಾತಲ್ಲ ಇದು. 1519ರ ಜನವರಿ 1ಕ್ಕೆ ಜ್ಯೂರಿಕ್‌ನಲ್ಲಿ ಸುಧಾರಕ ಜ್ವಿಂಗ್ಲಿ, ಗೊತ್ತುಮಾಡಿದ ಭಾಗಗಳನ್ನ ಪಕ್ಕಕ್ಕಿಟ್ಟು ಮತ್ತಾಯನನ್ನ ಮೊದಲ ಅಧ್ಯಾಯದಿಂದ ಸಾಲಾಗಿ ಬೋಧಿಸೋಕೆ ಶುರುಮಾಡಿದ. 1560ರಲ್ಲಿ ಸ್ಕಾಟ್ಲೆಂಡಿನ ಸುಧಾರಕರು, ಗ್ರಂಥದಲ್ಲಿ ಆಜ್ಞೆ ಇಲ್ಲ ಅಂತ, ಕ್ರಿಸ್ಮಸ್ಸೂ ಸೇರಿ ಹಬ್ಬಗಳನ್ನ ಕೈಬಿಟ್ಟರು. ಅದೇ ಪೌಲ ರೋಮಾಪುರದವರಿಗೆ ಬರೆದದ್ದರಲ್ಲಿ ಮಾತ್ರ, ಒಬ್ಬನಿಗೆ ಒಂದು ದಿನ ದೊಡ್ಡದು, ಇನ್ನೊಬ್ಬನಿಗೆ ಎಲ್ಲಾ ದಿನವೂ ಒಂದೇ, ಅವರವರ ಮನಸ್ಸಿಗೆ ನಿಶ್ಚಯವಿರಲಿ ಅಂತ ಬಿಟ್ಟುಬಿಡ್ತಾನೆ.

ನನ್ನ ಕಣ್ಣಿಗೆ ಜ್ವಿಂಗ್ಲಿಯ ದಾರಿಗೂ ಕ್ಯಾಲೆಂಡರಿನ ದಾರಿಗೂ ಜನ ಹೇಳುವಷ್ಟು ಜಗಳ ಕಾಣಲ್ಲ. ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗೋನೂ ಮುಂದಿನ ವಾರದ ಓದನ್ನ ತಾನು ಆರಿಸಲ್ಲ, ಪುಸ್ತಕವೇ ಆರಿಸುತ್ತೆ. ಇಬ್ಬರಿಗೂ ಎದುರು ನಿಂತಿರೋದು ಬೇರೆಯೇ: ಫೋನಲ್ಲಿ ಬೆಳಿಗ್ಗೆ ಬರೋ, ಸೂರ್ಯೋದಯದ ಚಿತ್ರದ ಮೇಲೆ ಅಂಟಿಸಿದ ಒಂದು ಸಿಹಿ ವಚನ. ವರ್ಷಪೂರ್ತಿ ಅದನ್ನೇ ತಿಂದವರಿಗೆ ರಾಹೇಲ ಸಿಗೋದೇ ಇಲ್ಲ.

[ತೆರೆಯ ಮೇಲೆ: ಕೀರ್ತನೆ 139:1–12, 23–24]

ಹಾಗಂತ ಕ್ಯಾಲೆಂಡರ್ ಸಾಚಾ ಅಂತ ನಾನು ಹೇಳಲ್ಲ. ಈ ಅಂಕಿ ನೋಡಿ. ಆ 1992ರ ಕ್ರಮದಲ್ಲಿ ಎ ವರ್ಷದ ಒಂದು ಭಾನುವಾರಕ್ಕೆ ಗೊತ್ತುಮಾಡಿದ ಕೀರ್ತನೆ ಇದು. ನಡುವೆ ಒಂದು ಅಲ್ಪವಿರಾಮ. ಅಲ್ಪವಿರಾಮದ ಒಳಗೆ ಹತ್ತು ವಚನ ಮುಳುಗಿವೆ. ಅದರಲ್ಲಿ 13ರಿಂದ 18, ತಾಯಿಯ ಗರ್ಭದಲ್ಲಿ ನನ್ನನ್ನ ನೇಯ್ದೆ ಅನ್ನೋ ಸುಂದರ ಭಾಗ, ಬೇರೆ ದಿನ ಓದಿಗೆ ಬರುತ್ತೆ. 19ರಿಂದ 22 ಬೇರೆ ಥರ. ದೇವರೇ, ದುಷ್ಟರನ್ನ ಕೊಂದುಹಾಕು. ನಿನ್ನನ್ನ ದ್ವೇಷಿಸೋರನ್ನ ನಾನೂ ದ್ವೇಷಿಸಲ್ವಾ, ಪೂರಾ ದ್ವೇಷಿಸ್ತೀನಿ, ಅವರು ನನಗೂ ವೈರಿಗಳೇ.

ಕೂಡಿ ಹಾಡೋ ಹೊತ್ತಲ್ಲಿ ಇದು ಬೇಡ ಅಂತ ಬಿಟ್ಟಿದ್ದಾರೆ. ಯೇಸುವೂ ನಜರೇತಿನಲ್ಲಿ ಮುಯ್ಯಿಯ ಮಾತಿನ ಮುಂದೆ ಸುರುಳಿ ಸುತ್ತಿದರಲ್ಲ, ಬಿಡೋದೇ ತಪ್ಪು ಅನ್ನೋಕಾಗಲ್ಲ. ಆದ್ರೆ ಇಲ್ಲಿ ಬಿಟ್ಟ ಮೇಲೆ ಉಳಿದದ್ದು ನೋಡಿ. 23ನೇ ವಚನ: ದೇವರೇ, ನನ್ನನ್ನ ಪರೀಕ್ಷಿಸು, ನನ್ನ ಹೃದಯ ತಿಳಿದುಕೋ, ನನ್ನಲ್ಲಿ ಕೇಡಿನ ದಾರಿ ಇದೆಯೋ ನೋಡು. ಹೊಲಿದ ಕೀರ್ತನೆಯಲ್ಲಿ ಇದು ಸಾಧು ಮನುಷ್ಯನೊಬ್ಬನ ಮೆತ್ತಗಿನ ಪ್ರಾರ್ಥನೆ. ಪೂರ್ತಿ ಕೀರ್ತನೆಯಲ್ಲಿ, ಆಗ ತಾನೇ ಕೊಲ್ಲು ಅಂತ ಕೂಗಿದವನು, ಉಸಿರು ಏರುತ್ತಿರುವಾಗಲೇ, ತನ್ನ ಬಾಯಿಂದ ಏನು ಬಂತು ಅಂತ ಕೇಳಿಸಿಕೊಂಡು ಹೇಳಿದ ಮಾತು.

ಮುಂದಿನ ಭಾನುವಾರದ ವಾಚನಗಳ ಅಂಕಿ ಸಿಕ್ಕಾಗ ಅಲ್ಪವಿರಾಮ ಎಲ್ಲಿದೆ ನೋಡಿ. ಬಿಟ್ಟ ವಚನಗಳನ್ನ ಶನಿವಾರ ರಾತ್ರಿನೇ ತೆಗೆದು ಓದಿ.