ಮೆದುಳಲ್ಲಿ ಐದಾರು ಗಡ್ಡೆ ಇದ್ದರೆ ಕರೆಂಟ್ ಗುರಿ ತಪ್ಪೋದು ಎಲ್ಲಿ?

[ದೃಶ್ಯ: ದಾವಣಗೆರೆ ರೈಲು ನಿಲ್ದಾಣ. ಬೆಂಚಿನ ಮೇಲೆ ದೊಡ್ಡ ಸ್ಕ್ಯಾನಿಂಗ್ ಕವರ್]

ನಮಸ್ಕಾರ. ಇಲ್ಲೇ ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿ, ಕವರ್ ಹಿಡಿದು ಬೆಂಗಳೂರಿಗೆ ಹೋಗುತ್ತೀರಿ. ಅಲ್ಲಿ ಡಾಕ್ಟರು "ಇನ್ನೊಂದು ಎಂಆರ್‌ಐ ಬೇಕು" ಅನ್ನುತ್ತಾರೆ. ಸಿಟ್ಟು ಬರುತ್ತದೆ ಅಲ್ವಾ? ಸುಮ್ನೆ ದುಡ್ಡು ಕೀಳೋಕೆ ಅನ್ನೋರೂ ಇದ್ದಾರೆ. ಮೆದುಳಲ್ಲಿ ಹಲವು ಗಡ್ಡೆ ಇದ್ದಾಗ ಮಾತ್ರ ಆ ಮಾತನ್ನು ನಾನು ಒಪ್ಪಲ್ಲ.

ಶ್ವಾಸಕೋಶದ ಅಥವಾ ಸ್ತನದ ಕ್ಯಾನ್ಸರ್ ಮೆದುಳಿಗೆ ಹಬ್ಬಿದಾಗ ಎಷ್ಟೋ ಸಲ ಒಂದಲ್ಲ, ನಾಲ್ಕಾರು ಗಡ್ಡೆ ಇರುತ್ತವೆ. ಮೊದಲೆಲ್ಲ ಇಡೀ ಮೆದುಳಿಗೆ ಕರೆಂಟ್, ಅಂದರೆ ವಿಕಿರಣ, ಕೊಡುತ್ತಿದ್ದರು. ಸಾಮಾನ್ಯವಾಗಿ 10 ಸಲಕ್ಕೆ ಒಟ್ಟು 30 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ). ಗಡ್ಡೆಗೆ ಪೆಟ್ಟು ಬೀಳುತ್ತಿತ್ತು, ನೆನಪಿನ ಶಕ್ತಿಗೂ ಬೀಳುತ್ತಿತ್ತು. ಈಗ ಗಡ್ಡೆಗಷ್ಟೇ ಗುರಿಯಿಟ್ಟು ಹೊಡೆಯುವ ರೇಡಿಯೋಸರ್ಜರಿ ಇದೆ. 2014ರಲ್ಲಿ ಬಂದ ಜಪಾನಿನ ಅಧ್ಯಯನದಲ್ಲಿ 1,194 ರೋಗಿಗಳಿದ್ದರು. ಈ ಚಿಕಿತ್ಸೆ ಪಡೆದ ಮೇಲೆ, 5ರಿಂದ 10 ಗಡ್ಡೆ ಇದ್ದವರು 2ರಿಂದ 4 ಗಡ್ಡೆ ಇದ್ದವರಷ್ಟೇ ಕಾಲ ಬದುಕಿದರು. ಗಡ್ಡೆಗಳು ಸಣ್ಣವಿರಬೇಕು ಅನ್ನೋ ಷರತ್ತು ಇತ್ತು, ಅದು ನೆನಪಿರಲಿ.

ರೇಡಿಯೋಸರ್ಜರಿಯಲ್ಲಿ 2 ಸೆಂ.ಮೀ. ಒಳಗಿನ ಗಡ್ಡೆಗೆ ಒಂದೇ ಸಲಕ್ಕೆ 20ರಿಂದ 24 ಗ್ರೇ ಕೊಡುತ್ತಾರೆ. ತಪ್ಪಿದರೆ ನಾಳೆ ಸರಿ ಮಾಡೋಣ ಅನ್ನುವ ಹಾಗಿಲ್ಲ.

ಈಗ ಆ ಎಂಆರ್‌ಐ ವಿಷಯ. ಮಾಮೂಲಿ ಸ್ಕ್ಯಾನ್‌ನಲ್ಲಿ ಒಂದೊಂದು ಪದರವೂ 5 ಮಿ.ಮೀ. ದಪ್ಪ ಇರಬಹುದು. 3 ಮಿ.ಮೀ. ಗಡ್ಡೆ ಅದರಲ್ಲಿ ಕಾಣದೇ ಹೋಗಬಹುದು. ಗುರಿಯಿಡೋಕೆ ಬೇಕಾಗೋದು ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆದ, ಸುಮಾರು 1 ಮಿ.ಮೀ. ಪದರದ ಸ್ಕ್ಯಾನ್. ಸ್ಕ್ಯಾನ್ ಹಳೆಯದಾದರೆ ಅಷ್ಟರಲ್ಲಿ ಗಡ್ಡೆ ಬೆಳೆದಿರಬಹುದು. ಹಳೇ ಗಡ್ಡೆಗೆ ಗುರಿಯಿಟ್ಟು ಏನು ಪ್ರಯೋಜನ?

[ದೃಶ್ಯ: ಮೇಜಿನ ಮೇಲೆ ಸ್ಟೀಲ್ ತಟ್ಟೆ. ಅಂಟು ಹಚ್ಚಿ ಕೂರಿಸಿದ ಐದು ಮಂಡಕ್ಕಿ ಕಾಳು]

ದಾವಣಗೆರೆಯವರ ಕೈಗೆ ಮಂಡಕ್ಕಿ ಬಿಟ್ಟು ಬೇರೇನು ಸಿಗುತ್ತೆ ಹೇಳಿ! ಈ ತಟ್ಟೆ ತಲೆ, ಕಾಳುಗಳು ಗಡ್ಡೆ. ಲಿನಾಕ್ ಅನ್ನೋ ಕರೆಂಟ್ ಕೊಡುವ ಯಂತ್ರದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗುರಿ ಇಡುತ್ತಾ ಹೋದರೆ ರೋಗಿ ತುಂಬ ಹೊತ್ತು ಅಲ್ಲಾಡದೆ ಮಲಗಬೇಕು. ಅದಕ್ಕೇ ಈಗ ಎಷ್ಟೋ ಕಡೆ ನಡುವೆ ಒಂದೇ ಬಿಂದು ಹಿಡಿದು ಎಲ್ಲವನ್ನೂ ಒಟ್ಟಿಗೆ ಮುಗಿಸುತ್ತಾರೆ. ಆ ಬಿಂದುವಿಗೆ ಐಸೋಸೆಂಟರ್ ಅನ್ನುತ್ತಾರೆ.

[ತಟ್ಟೆಯನ್ನು ಒಂಚೂರು ತಿರುಗಿಸುವುದು. ಕ್ಯಾಮೆರಾ ಹತ್ತಿರಕ್ಕೆ]

ನೋಡಿ, ನಡುವಿನ ಕಾಳು ಇದ್ದಲ್ಲೇ ಇದೆ, ಅಂಚಿನ ಕಾಳು ಜರುಗಿತು. ತಲೆ 1 ಡಿಗ್ರಿ ತಿರುಗಿದರೆ, ಬಿಂದುವಿನಿಂದ 1 ಸೆಂ.ಮೀ. ದೂರದ ಗಡ್ಡೆ 0.2 ಮಿ.ಮೀ. ಕೂಡ ಸರಿಯಲ್ಲ. 6 ಸೆಂ.ಮೀ. ದೂರದ್ದು 1 ಮಿ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಒಂದೇ ಗಡ್ಡೆ ಇದ್ದು, ಬಿಂದು ಅದರ ಮೇಲೇ ಇದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

"ಸುತ್ತ 1 ಮಿ.ಮೀ. ಜಾಸ್ತಿ ಹೊಡೆದರೆ ಆಯ್ತಲ್ಲ?" ಅನ್ನಬಹುದು. ಎಷ್ಟೋ ಕಡೆ ಹಾಗೆ ಮಾಡುತ್ತಾರೆ ಕೂಡ. ಆದರೆ 1 ಸೆಂ.ಮೀ. ಅಗಲದ ಗುಂಡು ಗಡ್ಡೆ ಆಗ 1.2 ಸೆಂ.ಮೀ. ಆಗುತ್ತದೆ, ಗಾತ್ರ ಸುಮಾರು 1.7 ಪಟ್ಟು. ಹೆಚ್ಚಿದ್ದೆಲ್ಲ ಬಹುಮಟ್ಟಿಗೆ ಒಳ್ಳೇ ಮೆದುಳು. ಹತ್ತು ಗಡ್ಡೆಗೆ ಹೀಗೆ ಬಿಡುತ್ತಾ ಹೋದರೆ, ಮುಂದೆ ಅಲ್ಲಿನ ಅಂಗಾಂಶ ಸಾಯುವ ಅಪಾಯವೂ ಏರುತ್ತದೆ.

[ದೃಶ್ಯ: ಜಾಲರಿ ಮಾಸ್ಕ್, ಹತ್ತಿರದಿಂದ]

ಹಾಗಾಗಿ ತಲೆ ತಿರುಗದಂತೆ ಹಿಡಿಯೋದೇ ದಾರಿ. ಈ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೆಯುತ್ತಾರೆ. ಕೆಲವೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ತೆಗೆದಾಗ ಕೆನ್ನೆ ಮೇಲೆ ಜಾಲರಿ ಗುರುತು ಮೂಡಿರುತ್ತದೆ. ಮಾಸ್ಕ್ ಮಾಡಿಸುವ ದಿನ ತುರುಬು ಕಟ್ಟಿ, ಚಿಕಿತ್ಸೆ ದಿನ ಬಿಚ್ಚಿಕೊಂಡು ಹೋದರೆ ತಲೆ ಕೂರುವ ರೀತಿಯೇ ಬದಲಾಗುತ್ತದೆ. ಊತಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ಮುಖ ದಪ್ಪಗಾಗಿ ಮಾಸ್ಕ್ ಬಿಗಿಯಾಗುವುದೂ ಉಂಟು. ಸಂಕೋಚ ಪಡದೆ ಟೆಕ್ನಿಷಿಯನ್‌ಗೆ ಹೇಳಿ.

ಆಮೇಲೆ ಟೇಬಲ್ ಮೇಲೇ ಸಿಟಿ ಸ್ಕ್ಯಾನ್ ತೆಗೆದು, ತಲೆ ಸರಿಯಾಗಿ ಕೂತಿದೆಯಾ ಅಂತ ನೋಡುತ್ತಾರೆ. ಟೇಬಲ್ ಜರುಗಿದರೆ ಸಾಲದು, ವಾಲಬೇಕು, ತಿರುಗಬೇಕು. "ಆರು ದಿಕ್ಕಿಗೆ ಸರಿಪಡಿಸುವ ಟೇಬಲ್ ಇದೆಯಾ?" ಅಂತ ಧಾರಾಳವಾಗಿ ಕೇಳಿ.

ಚಿಕಿತ್ಸೆ ಮುಗಿದ ಮೇಲೂ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ಇರುತ್ತದೆ, ಯಾಕೆಂದರೆ ಹೊಡೆಯದ ಜಾಗದಲ್ಲಿ ಹೊಸ ಗಡ್ಡೆ ಬರಬಹುದು. ಇದನ್ನು ಊರಲ್ಲೇ ಮಾಡಿಸಬಹುದಾ, ಯಾವ ರೀತಿಯ ಸ್ಕ್ಯಾನ್ ಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ತೆಗೆದುಕೊಳ್ಳಿ.