ಹಿತ್ತಲಲ್ಲಿ ಜೇನು ಸಾಕಲು ಯಾರನ್ನು ಕೇಳಬೇಕು?

ಕೇಳುಗರೇ, ನಮಸ್ಕಾರ.

ಸಿರ್ಸಿ, ಸುಳ್ಯದ ಕಡೆ ಬೆಳೆದವರಿಗೆ ಜೇನುಪೆಟ್ಟಿಗೆ ಹೊಸದಲ್ಲ. ತೋಟದ ಮೂಲೆಯಲ್ಲಿ ತುಡುವೆ ಜೇನು ಇಡಲು ಅಲ್ಲಿ ಯಾರನ್ನೂ ಕೇಳುವ ರೂಢಿ ಇಲ್ಲ. ಅದೇ ಜನ ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡು, ಹಿತ್ತಲಲ್ಲಿ ಒಂದು ಪೆಟ್ಟಿಗೆ ಇಡೋಣ ಅಂದರೆ ಮೂರು ಕಡೆ ವಿಚಾರಿಸಬೇಕು.

ಮೊದಲು ಬಡಾವಣೆಯ ಮನೆಮಾಲೀಕರ ಸಂಘ, ಅಂದರೆ ಎಚ್‌ಒಎ. ನಗರ, ರಾಜ್ಯ ಎರಡೂ ಒಪ್ಪಿದರೂ ಸಂಘದ ಕರಾರಿನಲ್ಲಿ ಬೇಡ ಅಂತಿದ್ದರೆ ತೊಂದರೆ ತಪ್ಪದು.

ಆಮೇಲೆ ನಗರಾಡಳಿತ. ಇದು ಊರಿಂದೂರಿಗೆ ಬೇರೆ. ಲಾಸ್ ಏಂಜಲೀಸ್ ನಗರ ಮನೆ ಹಿತ್ತಲಿನ ಜೇನಿಗೆ ಒಪ್ಪಿದ್ದೇ 2015ರಲ್ಲಿ. ನ್ಯೂಯಾರ್ಕ್ ನಗರದಲ್ಲಂತೂ 2010ರವರೆಗೆ ಸಾಕಬಾರದ ಕಾಡುಪ್ರಾಣಿಗಳ ಪಟ್ಟಿಯಲ್ಲಿ ಜೇನೂ ಇತ್ತು! ಫ್ಲೋರಿಡಾದವರು 2012ರಲ್ಲಿ ಈ ಜಂಜಾಟವನ್ನೇ ಬಿಡಿಸಿದರು. ಜೇನಿನ ವಿಷಯ ರಾಜ್ಯದ ಕೃಷಿ ಇಲಾಖೆಗೆ ಸೇರಿದ್ದು, ನಗರಗಳು ನಿಷೇಧ ಹಾಕುವಂತಿಲ್ಲ ಅಂದರು. ನನಗೆ ಅದೇ ಸರಿ ಅನ್ನಿಸುತ್ತದೆ.

ನಗರದ ನಿಯಮಗಳಲ್ಲಿ ಹೆಚ್ಚಾಗಿ ಇರುವುದು ನೆರೆಮನೆಯ ಚಿಂತೆ. ಪೆಟ್ಟಿಗೆ ಬೇಲಿಯಿಂದ ಇಂತಿಷ್ಟು ದೂರ ಇರಬೇಕು. ಹತ್ತಿರ ಇಟ್ಟರೆ ಆಳೆತ್ತರದ ತಡೆ ಬೇಕು. ಆಗ ಹುಳಗಳು ಮೇಲೆದ್ದು, ಜನರ ತಲೆ ದಾಟಿ ಹಾರುತ್ತವೆ. ನೀರನ್ನೂ ನೀವೇ ಇಡಬೇಕು. ಇಲ್ಲದಿದ್ದರೆ ಅವು ಪಕ್ಕದವರ ಈಜುಕೊಳಕ್ಕೆ ಹೋಗುತ್ತವೆ. ಜಗಳ ಶುರುವಾಗಲು ಅಷ್ಟು ಸಾಕು, ಅಲ್ವಾ?

ಮೂರನೆಯದು ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಒಂದೇ ಪೆಟ್ಟಿಗೆ ಇದ್ದರೂ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ಕೃಷಿ ಕಮಿಷನರ್ ಕಚೇರಿಯಲ್ಲಿ ನೋಂದಾಯಿಸಬೇಕು. ಸುಮ್ನೆ ತಲೆನೋವು ಅನ್ನಬೇಡಿ. ಮಾಹಿತಿ ಬೇಕೆಂದು ಅಲ್ಲಿ ಕೇಳಿಕೊಂಡಿದ್ದರೆ, ಒಂದು ಮೈಲಿಯೊಳಗೆ ಹೂಬಿಟ್ಟ ಗಿಡಗಳಿಗೆ ಜೇನಿಗೆ ಮಾರಕವಾದ ಔಷಧಿ ಹೊಡೆಯುವವರು 48 ಗಂಟೆ ಮೊದಲೇ ನಿಮಗೆ ತಿಳಿಸಬೇಕು.

ನೋಂದಣಿಗೆ ಇನ್ನೊಂದು ಕಾರಣ ರೋಗ. ಅಮೆರಿಕನ್ ಫೌಲ್‌ಬ್ರೂಡ್ ಎಂಬ ರೋಗ ಮರಿಹುಳಗಳನ್ನು ಕೊಲ್ಲುತ್ತದೆ. ಅದರ ಬೀಜಾಣು ಹಳೇ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಕೊನೆಗೆ ಪೆಟ್ಟಿಗೆಯನ್ನೇ ಸುಡಬೇಕಾಗುತ್ತದೆ. ರೋಗ ಇದೆಯೇ ಎಂದು ಪರೀಕ್ಷಿಸಲು ಎರಿ, ಅಂದರೆ ಮೇಣದ ಹಲ್ಲೆ, ಹೊರಗೆ ತೆಗೆಯುವಂತಿರಬೇಕು. ಆದ್ದರಿಂದ ಚೌಕಟ್ಟಿನ ಪೆಟ್ಟಿಗೆಯೇ ಬೇಕು, ನಮ್ಮ ಕಡೆಯ ಮಡಕೆ ಜೇನು ಅಲ್ಲಿ ನಡೆಯುವುದಿಲ್ಲ.

ನೋಂದಣಿಯನ್ನು ಪ್ರತಿ ಜನವರಿಯಲ್ಲಿ ಹೊಸದಾಗಿ ಮಾಡಿಸಬೇಕು. ವರ್ಷದ ನಡುವೆ ಜೇನು ತಂದವರಿಗೆ 30 ದಿನ ಸಮಯ ಇರುತ್ತದೆ. ನಮಸ್ಕಾರ.