ಎಸ್‌ಜಿಪಿಎ 5.8ರಿಂದ ಮೇಲೆ ಬರ್ಲಿಕ್ಕೆ ಎಂತ ಮಾಡ್ಬೇಕು? | ಮಂಗಳೂರು ಟು ಮಣಿಪಾಲ ವ್ಲಾಗ್

ಹಾಂ, ರೆಕಾರ್ಡ್ ಆಗ್ತಾ ಉಂಟು. ಹೊರಗೆ ಮಳೆ ಜೋರುಂಟು, ಆ ಶಬ್ದ ವಿಡಿಯೋದಲ್ಲಿ ಇರ್ತದೆ, ಅಡ್ಜಸ್ಟ್ ಮಾಡಿ. ಇವತ್ತು ಮಾರ್ಕ್ಸ್ ಕಡಿಮೆ ಬಂದವರ ವಿಷಯ. ಎಸ್‌ಜಿಪಿಎ ಅಂದ್ರೆ ಒಂದು ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್, ಹತ್ತಕ್ಕೆ. ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ಟೆಕ್ನಾಲಜಿಕಲ್ ಯೂನಿವರ್ಸಿಟಿಯ 22 ಸ್ಕೀಮ್ (2022ರ ಸಿಲಬಸ್) ಇಂಜಿನಿಯರಿಂಗ್‌ನವರನ್ನು ಮನಸ್ಸಲ್ಲಿಟ್ಟು ಮಾತಾಡ್ತೇನೆ. ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯ ಬಿಕಾಂ, ಬಿಸಿಎಯವರಿಗೆ ಮಾರ್ಕ್ಸಿನ ಲೆಕ್ಕ ಬೇರೆ, ಆದ್ರೆ ಓದುವ ಕ್ರಮ ಇದೇ.

ಟೇಬಲ್ ಮೇಲೆ ಕಾಣ್ತಾ ಇರುವುದು ಒಂದು ಮಾದರಿ ಮಾರ್ಕ್ಸ್ ಕಾರ್ಡ್. ಬೇಜಾರು ಆಮೇಲೆ ಮಾಡುವ, ಮೊದಲು ಕ್ರೆಡಿಟ್ ಕಾಲಮ್ ನೋಡುವ, ಅಂದ್ರೆ ಯಾವ ಸಬ್ಜೆಕ್ಟಿಗೆ ಎಷ್ಟು ತೂಕ ಅಂತ. ಸೆಮಿಸ್ಟರ್‌ಗೆ 20 ಕ್ರೆಡಿಟ್ ಅಂತ ಇಟ್ಕೊಳ್ಳಿ. 4 ಕ್ರೆಡಿಟ್‌ನ ಸಬ್ಜೆಕ್ಟಲ್ಲಿ ಸಿ ಗ್ರೇಡ್ ಉಂಟು, ಅಂದ್ರೆ 5 ಪಾಯಿಂಟ್. ಅದನ್ನು ಎ ಗ್ರೇಡಿಗೆ ತಂದ್ರೆ 8. ಮೂರು ಪಾಯಿಂಟ್ ಇಂಟು ನಾಲ್ಕು ಕ್ರೆಡಿಟ್, 12. ಅದನ್ನು 20ರಿಂದ ಭಾಗಿಸಿ, ಎಸ್‌ಜಿಪಿಎ 0.6 ಮೇಲೆ ಹೋಯ್ತು, ಒಂದೇ ಸಬ್ಜೆಕ್ಟಿಂದ! ಒಂದು ಕ್ರೆಡಿಟ್‌ನ ಲ್ಯಾಬಲ್ಲಿ 9 ಇದ್ದದ್ದು 10 ಆದ್ರೆ ಸಿಗುವುದು 0.05. ಆದ್ರೆ ರಾತ್ರಿ ಎರಡು ಗಂಟೆವರೆಗೆ ನಿದ್ದೆಗೆಟ್ಟು ಕೂತ್ಕೊಳ್ಳುವುದು ಯಾವುದಕ್ಕೆ? ಲ್ಯಾಬ್ ರೆಕಾರ್ಡಿಗೆ. ರೆಕಾರ್ಡ್ ನೀಟಾಗಿ ಬರೀರಿ, ಬೇಡ ಹೇಳುವುದಿಲ್ಲ, ಆದ್ರೆ ವಾರದ ಒಳ್ಳೆ ಸಮಯ ದೊಡ್ಡ ಕ್ರೆಡಿಟ್ ಇರುವ, ಗ್ರೇಡ್ ಕೆಳಗಿರುವ ಎರಡು ಸಬ್ಜೆಕ್ಟಿಗೆ ಹೋಗ್ಬೇಕು.

ಮೊದಲ ವರ್ಷ ಎರಡೂ ಸೆಮ್ 5.8 ಆಗಿದ್ದವರು ಹೆದರುವುದು ಬೇಡ. ಮೂರನೇ ಸೆಮಲ್ಲಿ 8 ತೆಗೆದ್ರೆ ಸಿಜಿಪಿಎ, ಅಂದ್ರೆ ಅಲ್ಲಿವರೆಗಿನ ಎಲ್ಲ ಸೆಮಿನ ಸರಾಸರಿ, 6.53ಕ್ಕೆ ಬರ್ತದೆ. ತುಂಬಾ ಕಂಪನಿಗಳು ಪ್ಲೇಸ್‌ಮೆಂಟಿಗೆ 60 ಪರ್ಸೆಂಟ್ ಕೇಳ್ತವೆ, ಹಾಗಾಗಿ ಆರರ ಗೆರೆ ದಾಟುವುದು ದೊಡ್ಡ ವಿಷಯ. ಅದು ಒಂದೇ ಸೆಮಲ್ಲಿ ಆಗ್ತದೆ.

ಇನ್ನೊಂದು ಕಡೆ ಜನ ಬೀಳ್ತಾರೆ. ಇಂಟರ್ನಲ್ಸಲ್ಲಿ, ಅಂದ್ರೆ ಕಾಲೇಜಲ್ಲೇ ಕೊಡುವ ಮಾರ್ಕ್ಸಲ್ಲಿ, 50ಕ್ಕೆ 20 ಬೇಕು. ಸೆಮ್ ಎಂಡ್ 100ಕ್ಕೆ ಬರೆದದ್ದನ್ನು 50ಕ್ಕೆ ಇಳಿಸ್ತಾರೆ, ಅದ್ರಲ್ಲಿ 18 ಬೇಕು. ಸರಿ, 20 ಮತ್ತು 18 ಬಂತು, ಪಾಸಾ? ಇಲ್ಲ. ಒಟ್ಟು 38 ಆಯ್ತು, ಒಟ್ಟಿಗೆ 40 ಬೇಕು. ಇಂಟರ್ನಲ್ಸಲ್ಲಿ 45 ಇಟ್ಕೊಂಡವರಿಗೆ ಎ ಗ್ರೇಡಿನ 70 ಮಾಡ್ಲಿಕ್ಕೆ ಸೆಮ್ ಎಂಡಲ್ಲಿ 100ಕ್ಕೆ 50 ಸಾಕು. ಇಂಟರ್ನಲ್ಸ್ 28 ಇದ್ದವರಿಗೆ ಅದೇ ಗ್ರೇಡಿಗೆ 84 ಬೇಕು. "ಇಂಟರ್ನಲ್ಸ್ ಅಲ್ವಾ, ಕೊನೆಗೆ ನೋಡುವ" ಅಂತ ಬಿಟ್ರೆ ಅಲ್ಲೇ ಸೆಮಿಸ್ಟರ್ ಅರ್ಧ ಹೋಯ್ತು.

ಈಗ ಹಂಪನಕಟ್ಟೆ ಹತ್ರ ಜೆರಾಕ್ಸ್ ಅಂಗಡಿಯಿಂದ ತಂದ ಕಟ್ಟು ತೋರಿಸ್ತೇನೆ. ಇದ್ರ ಬಗ್ಗೆ ಸ್ವಲ್ಪ ಮಾತಾಡ್ಲೇಬೇಕು. ಆಪರೇಟಿಂಗ್ ಸಿಸ್ಟಮ್ಸ್ ನೋಟ್ಸ್, 212 ಪುಟ, ಪುಟಕ್ಕೆ ಒಂದೂವರೆ ರೂಪಾಯಿ, 318 ಆಯ್ತು. ಸ್ಪೈರಲ್ ಬೈಂಡಿಂಗ್ 50. ಒಟ್ಟು 368 ರೂಪಾಯಿ. ಕ್ಯಾಮೆರಾ ಹತ್ರ ತರ್ತೇನೆ, ನೋಡಿ. ಇಲ್ಲಿ ಮೂಲೆಯಲ್ಲಿ ಕೋಡ್ ಉಂಟು, 18ಸಿಎಸ್43. ಅದು 18 ಸ್ಕೀಮ್‌ನ ನಾಲ್ಕನೇ ಸೆಮ್. 22 ಸ್ಕೀಮಲ್ಲಿ ಇದೇ ಸಬ್ಜೆಕ್ಟ್ ಮೂರನೇ ಸೆಮಿಗೆ ಬಂದಿದೆ, ಕೋಡ್ ಬಿಸಿಎಸ್303. ಅರ್ಧ ಕಟ್ಟು ಹಳೆ ಸ್ಕೀಮ್, ನಡುವೆ ಒಂದು ಮಾಡ್ಯೂಲ್ (ಸಿಲಬಸಿನ ಒಂದು ಭಾಗ) 21 ಸ್ಕೀಮಿಂದು. ಯಾರೋ ಸೀನಿಯರ್ ಸೇರಿಸಿ ಇಟ್ಟದ್ದು, ಅದ್ರ ಕಾಪಿಯ ಕಾಪಿಯ ಕಾಪಿ ಇದು. ಈ ಪುಟದಲ್ಲಿ ಕೆಳಗಿನ ಸಣ್ಣ ಅಕ್ಷರಗಳೆಲ್ಲ ಅಳಿಸಿ ಹೋಗಿವೆ, ಪ್ರೋಸೆಸ್ ಪಿ1 ಯಾವುದು, ಪಿ2 ಯಾವುದು ಗೊತ್ತೇ ಆಗುವುದಿಲ್ಲ. ಬ್ಯಾಂಕರ್ಸ್ ಅಲ್ಗಾರಿದಮ್, ಅಂದ್ರೆ ಕಂಪ್ಯೂಟರಿನ ಸಂಪನ್ಮೂಲವನ್ನು ಪ್ರೋಸೆಸ್‌ಗಳಿಗೆ ಸಿಕ್ಕಿಬೀಳದ ಹಾಗೆ ಹಂಚುವ ಲೆಕ್ಕ, ಅದ್ರ ಟೇಬಲಲ್ಲಿ ಎಡಗಡೆಯ ಇಡೀ ಕಾಲಮ್ ಸ್ಪೈರಲ್ ತೂತಿನ ಒಳಗೆ ಹೋಗಿದೆ. ನೀಡ್ (ಇನ್ನೂ ಬೇಕಾದದ್ದು) ಅಂದ್ರೆ ಮ್ಯಾಕ್ಸ್ (ಹೆಚ್ಚೆಂದ್ರೆ ಬೇಕಾಗುವುದು) ಮೈನಸ್ ಅಲೊಕೇಶನ್ (ಈಗಾಗ್ಲೇ ಕೊಟ್ಟದ್ದು). ಅಲೊಕೇಶನ್ ಕಾಲಮ್ಮೇ ಇಲ್ಲದಿದ್ರೆ ಕಳೆಯುವುದು ಎಂತದನ್ನು? ಮಕ್ಕಳು ಇದನ್ನೇ ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗ್ತಾರೆ, ಅದೇ ನನಗೆ ಹೊಟ್ಟೆ ಉರಿಯುವುದು. 368 ರೂಪಾಯಿಗೆ ಒಂದು ರೀಮ್ ಎ4, 500 ಹಾಳೆ ಬರ್ತದೆ ಮಾರಾಯ್ರೆ. ಈಗ ಹೇಳ್ಲಿಕ್ಕಿರುವ ವಿಧಾನಕ್ಕೆ ಅದು ಒಂದು ಸೆಮಿಸ್ಟರಿಗೆ ಧಾರಾಳ ಸಾಕು.

ಜೆರಾಕ್ಸ್ ನೋಟ್ಸ್ ತಗೊಳ್ಳಲೇ ಬೇಡಿ. ಇಲ್ಲ, ಒಂದು ಬಿಟ್ಟು. ಹಳೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ, ಅದು ಬೇಕೇ ಬೇಕು. ಅದ್ರಲ್ಲೂ ಮೇಲಿನ ಕೋಡ್ ನೋಡಿಯೇ ದುಡ್ಡು ಕೊಡಿ. ಸಿಲಬಸ್ ವಿಟಿಯು ವೆಬ್‌ಸೈಟಲ್ಲೇ ಸಿಗ್ತದೆ. ಪ್ರಿಂಟ್ ತೆಗೆದು ಪ್ರತಿ ಟಾಪಿಕ್ ಎದುರು, ಮುಗಿದಾಗ ಗುರ್ತು ಹಾಕ್ಲಿಕ್ಕೆ, ಒಂದು ಖಾಲಿ ಚೌಕ ಬರೀರಿ. ಪುಸ್ತಕ ಕಾಲೇಜ್ ಲೈಬ್ರರಿಯಿಂದ.

ಈಗ ಬಾವುಟಗುಡ್ಡೆ. ಏರು ಹತ್ತಿ ಬಂದದ್ದು ವಿಡಿಯೋದಲ್ಲಿ ಉಂಟು. ಠಾಗೋರ್ ಪಾರ್ಕಲ್ಲಿ ಕೂತ್ಕೊಳ್ಳುವ ಅಂತಿತ್ತು, ಬೆಂಚ್ ಎಲ್ಲ ಒದ್ದೆ. ಹಾಗಾಗಿ ಓದುವ ಕೋಣೆಯ ಒಳಗೆ ಕೂತು ಶೂಟ್. ಇಲ್ಲಿ ಮಾತಾಡ್ಲಿಕ್ಕಾಗುವುದಿಲ್ಲ, ದನಿ ಆಮೇಲೆ ಸೇರಿಸಿದ್ದು.

ಕೈ ನೋಡಿ. ಡೆಡ್‌ಲಾಕ್ (ಪ್ರೋಸೆಸ್‌ಗಳು ಒಂದಕ್ಕೊಂದು ಕಾಯ್ತಾ ಎಲ್ಲವೂ ನಿಂತು ಹೋಗುವುದು) ಅನ್ನುವ ಒಂದೇ ಟಾಪಿಕ್, ಇಪ್ಪತ್ತು ನಿಮಿಷ ಓದು. ಪುಸ್ತಕ ಮುಚ್ಚಿ. ಬರೀ ಮುಚ್ಚಿದ್ರೆ ಸಾಲದು, ಬ್ಯಾಗಿಗೆ ಹಾಕಿ. ಖಾಲಿ ಹಾಳೆಯಲ್ಲಿ ನೆನಪಿದ್ದದ್ದು ಎಲ್ಲ ಬರೀರಿ, ಚಿತ್ರ ಸಮೇತ, ಹತ್ತು ನಿಮಿಷ. ಡೆಡ್‌ಲಾಕ್ ಆಗ್ಲಿಕ್ಕೆ ನಾಲ್ಕು ಕಂಡೀಶನ್ ಬೇಕು. ಹಾಳೆಯಲ್ಲಿ ಮ್ಯೂಚುವಲ್ ಎಕ್ಸ್‌ಕ್ಲೂಶನ್ ಬಂತು, ಹೋಲ್ಡ್ ಅಂಡ್ ವೇಟ್ ಬಂತು, ಸರ್ಕ್ಯುಲರ್ ವೇಟ್ ಬಂತು. ನಾಲ್ಕನೆಯದು ಬರುವುದಿಲ್ಲ. ಇಲ್ಲಿಯೇ ಎಲ್ಲರೂ ಎರಡು ನಿಮಿಷಕ್ಕೆ ಪುಸ್ತಕ ಇಣುಕ್ತಾರೆ. ಇಣುಕಬೇಡಿ. ಹತ್ತು ನಿಮಿಷ ಪೂರ್ತಿ ಆಗ್ಲಿ, ಆಮೇಲೆ ಪುಸ್ತಕ ತೆಗೆದು ಬಿಟ್ಟದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಿ. ನೋ ಪ್ರಿಎಂಪ್ಶನ್. ಕೆಂಪಲ್ಲಿ ಬಂದದ್ದೇ ನಾಳೆ ಓದ್ಲಿಕ್ಕಿರುವುದು, ಉಳಿದದ್ದು ನಿಮ್ಮ ತಲೆಯಲ್ಲಿ ಉಂಟು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಕಾಲೇಜ್ ವಿದ್ಯಾರ್ಥಿಗಳ ಮೇಲೆಯೇ ಪರೀಕ್ಷೆ ಮಾಡಿದ್ರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದ್ರು, ಕೆಲವರು ಓದಿ, ಮುಚ್ಚಿಟ್ಟು, ನೆನಪಿಂದ ಬರೆದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ ಅಲ್ವಾ. ಓದ್ತಾ ಇರುವಾಗ "ಎಲ್ಲ ಗೊತ್ತುಂಟು" ಅನ್ನಿಸುವುದು, ಪರೀಕ್ಷೆ ಹಾಲಲ್ಲಿ ಬರೆಯುವ ಕೈ ನಿಲ್ಲುವುದು, ಎರಡಕ್ಕೂ ಕಾರಣ ಇದೇ.

ಅದೇ ಹಾಳೆಯ ಕೆಲಸ ಮೂರನೇ ದಿನ ಇನ್ನೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ, ಇಂಟರ್ನಲ್ಸಿಗೆ ಮೊದಲು ಮತ್ತೊಮ್ಮೆ. ಪ್ರತಿ ಸಲ ಹೊಸ ಖಾಲಿ ಹಾಳೆ. ಎರಡನೇ ಸಲಕ್ಕೆ ಐದು ನಿಮಿಷ ಸಾಕಾಗ್ತದೆ.

ಹೈಲೈಟರ್ ಬಗ್ಗೆ ಕೇಳ್ಬೇಡಿ, ಬಿಸಾಡಿ. 2013ರಲ್ಲಿ ಡನ್‌ಲಾಸ್ಕಿ ಮತ್ತು ಜೊತೆಯವರು ಹತ್ತು ಓದುವ ವಿಧಾನ ತೂಗಿ ನೋಡಿದ್ದಾರೆ. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಲ್ಲಿ. ನಮ್ಮನ್ನು ನಾವೇ ಪ್ರಶ್ನೆ ಕೇಳುವುದು, ದಿನಗಳ ಅಂತರ ಬಿಟ್ಟು ಓದುವುದು ಮೇಲಿನ ಸಾಲಲ್ಲಿ. ಪ್ರಶ್ನೆಪತ್ರಿಕೆಯಲ್ಲಿ ತಿರುಗಿ ತಿರುಗಿ ಬಂದ ಪ್ರಶ್ನೆ ಗುರ್ತು ಮಾಡ್ಲಿಕ್ಕೆ ಹೈಲೈಟರ್ ಒಳ್ಳೇದೇ. ಆಯ್ತು, ಒಂದು ಇಟ್ಕೊಳ್ಳಿ.

25 ನಿಮಿಷ ಓದು, 5 ನಿಮಿಷ ರೆಸ್ಟ್, ಆ ಟೈಮರ್ ಥಿಯರಿಗೆ ಚೆಂದ. ಮ್ಯಾಥ್ಸಿಗೆ ಸುತರಾಂ ಬೇಡ, ಪ್ರಾಬ್ಲೆಮ್ ಅರ್ಧದಲ್ಲಿ ಇರುವಾಗ ಗಂಟೆ ಹೊಡೆದ್ರೆ ಮತ್ತೆ ಮೊದಲಿಂದ ಹಿಡಿಬೇಕು. ಮ್ಯಾಥ್ಸಲ್ಲಿ ಸಾಲ್ವ್ ಮಾಡಿದ ಲೆಕ್ಕ ಓದುವುದೇ ದೊಡ್ಡ ತಪ್ಪು. ಉತ್ತರದ ಮೇಲೆ ಹಾಳೆ ಇಡಿ, ನೀವೇ ಶುರು ಮಾಡಿ, ಸಿಕ್ಕಿಬಿದ್ದಲ್ಲಿ ಒಂದು ಸಾಲು ಮಾತ್ರ ಸರಿಸಿ ನೋಡಿ. ಒಂದೇ ಜಾತಿಯ ಹತ್ತು ಲೆಕ್ಕ ಒಟ್ಟಿಗೆ ಮಾಡ್ಬೇಡಿ, ಕಲೆಸಿ ಮಾಡಿ. ಪೇಪರಲ್ಲಿ ಯಾವ ಫಾರ್ಮುಲಾ ಅಂತ ಯಾರೂ ಹೇಳಿ ಕೊಡುವುದಿಲ್ಲ.

ಬಸ್ ಹತ್ತಿ ಆಯ್ತು, ಮಣಿಪಾಲ ಎಕ್ಸ್‌ಪ್ರೆಸ್. ಕ್ಯಾಮೆರಾ ಅಲುಗಾಡ್ತದೆ, ಕ್ಷಮಿಸಿ. ಬಸ್ಸಲ್ಲಿ ಮೊಬೈಲಲ್ಲಿ ಪಿಡಿಎಫ್ ಓದಿದ್ರೆ ತಲೆ ತಿರುಗುವುದು ಬಿಟ್ಟು ಬೇರೆ ಎಂತ ಇಲ್ಲ. ಕಣ್ಣು ಮುಚ್ಚಿ ನಿನ್ನೆಯ ಟಾಪಿಕಿನ ಐದು ಹೆಡಿಂಗ್ ನೆನಪು ಮಾಡಿ, ಒಂದೊಂದಕ್ಕೆ ಎರಡು ವಾಕ್ಯ ಮನಸ್ಸಲ್ಲೇ ಹೇಳಿ. ಸುರತ್ಕಲ್‌ನಿಂದ ಮುಲ್ಕಿ ಬರುವುದ್ರೊಳಗೆ ಒಂದು ಟಾಪಿಕ್ ಮುಗಿತದೆ. ಪಡುಬಿದ್ರಿ ಬಂತು ನೋಡಿ, ಇಲ್ಲಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಚೊಕ್ಕ ಬೀಚಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ) ಸಿಕ್ಕಿದ್ದು, ಮಳೆ ಬಿಟ್ಟ ಮೇಲೆ ಒಮ್ಮೆ ಶೂಟ್ ಮಾಡ್ಲಿಕ್ಕುಂಟು. ತುಂಬಾ ಚೆಂದ ಇಟ್ಟಿದ್ದಾರೆ. ಸರಿ, ಎಲ್ಲಿದ್ದೆ? ಅಟೆಂಡೆನ್ಸ್. 85 ಪರ್ಸೆಂಟ್ ಬೇಕು. 40 ಕ್ಲಾಸ್ ಆದ್ರೆ 34 ಕೂತ್ಕೊಳ್ಬೇಕು, ಬಿಡ್ಲಿಕ್ಕಾಗುವುದು ಆರೇ. ಮಳೆಗಾಲದಲ್ಲಿ ಜ್ವರ ಬಂದ್ರೆ ಆ ಆರೂ ಒಂದೇ ವಾರಕ್ಕೆ ಹೋಗ್ತದೆ, ಹಾಗಾಗಿ ಸುಮ್ಮನೆ ಖರ್ಚು ಮಾಡ್ಬೇಡಿ.

ಪೇಪರ್ ವಿಷಯ ಬೇಗ ಹೇಳ್ತೇನೆ, ಉಡುಪಿ ಹತ್ರ ಬಂತು. ಮೂರು ಗಂಟೆ, ಪ್ರತಿ ಮಾಡ್ಯೂಲಿಂದ ಎರಡರಲ್ಲಿ ಒಂದು, ಒಟ್ಟು ಐದು ಪೂರ್ತಿ ಪ್ರಶ್ನೆ, ಒಂದಕ್ಕೆ 20 ಮಾರ್ಕ್ಸ್. 180 ನಿಮಿಷದಲ್ಲಿ ಪ್ರಶ್ನೆ ಆರಿಸ್ಲಿಕ್ಕೆ, ಕೊನೆಗೆ ನೋಡ್ಲಿಕ್ಕೆ ಹತ್ತು ನಿಮಿಷ ತೆಗೆದ್ರೆ ಒಂದಕ್ಕೆ 34 ನಿಮಿಷ. ಗೊತ್ತಿರುವ ಪ್ರಶ್ನೆಗೆ 50 ನಿಮಿಷ ಕೊಟ್ಟು ಕೊನೆಯ ಮಾಡ್ಯೂಲ್ ಖಾಲಿ ಬಿಡುವುದ್ರಿಂದಲೇ ತುಂಬಾ ಮಾರ್ಕ್ಸ್ ಹೋಗುವುದು. ವಾರಕ್ಕೆ ಒಂದು ಪೂರ್ತಿ ಪ್ರಶ್ನೆ ಟೈಮರ್ ಇಟ್ಟು ಕೈಯಲ್ಲಿ ಬರೀರಿ. 34ಕ್ಕೆ ಪೆನ್ ಕೆಳಗೆ, ಮುಗಿಲಿ ಬಿಡ್ಲಿ.

ಮೊನ್ನೆ ರಿಸಲ್ಟಲ್ಲಿ ಎಫ್, ಅಂದ್ರೆ ಫೇಲ್ ಬಂದವರು ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ, ಕೊನೆ ದಿನಾಂಕ ಯಾವಾಗ ಅಂತ ಇವತ್ತೇ ನೋಡ್ಕೊಳ್ಳಿ. ಕಾಪಿ ಬಂದ ಮೇಲೆ ಮಾರ್ಕ್ಸ್ ಹೋದ ಪ್ರತಿ ಜಾಗದಲ್ಲಿ ಪೆನ್ಸಿಲಲ್ಲಿ ಬರೀರಿ: ಗೊತ್ತಿರ್ಲಿಲ್ಲ, ಗೊತ್ತಿತ್ತು ನೆನಪಾಗ್ಲಿಲ್ಲ, ಟೈಮ್ ಸಾಲಲಿಲ್ಲ. ಮೊದಲಿನದ್ದು ಜಾಸ್ತಿ ಇದ್ರೆ ಪುಸ್ತಕ ಮತ್ತು ಕ್ಲಾಸ್, ಎರಡನೆಯದು ಇದ್ರೆ ಖಾಲಿ ಹಾಳೆ, ಮೂರನೆಯದು ಇದ್ರೆ ಟೈಮರ್. ಅಷ್ಟರಲ್ಲಿ ಟೈಗರ್ ಸರ್ಕಲ್ ಬಂತು, ಕಂಡಕ್ಟರ್ ವಿಸಲ್ ಹಾಕಿದ್ರು, ನಾನು ಇಳಿತೇನೆ.